ಮುತ್ಯಾಲು ಎಮ್ಮೆಯ ಕುಬಸ

ನೀಲಾಬಾಯಿಯವರಿಗೆ ತಮ್ಮ ತೆಲುಗಿನ ಮೇಲೆ ಬಲು ಹೆಮ್ಮೆ. ಬಿಜಾಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಹೈದರಾಬಾದಿನ ಬಾಲಾನಗರದ ಕಾಲನಿಗೆ ಬಂದವರು. ಗಂಡ ಬಸವಲಿಂಗಪ್ಪನವರು ವಿಮಾನದ ಉಪಕರಣ ತಯಾರಿಸುವ ಸರಕಾರಿ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದು ನಿವೃತ್ತರಾದರೂ ತರಕಾರಿಯವಳೊಂದಿಗೆ ಇವತ್ತಿಗೂ ಹಿಂದಿಯಲ್ಲೇ ವ್ಯವಹಾರ ಮುಗಿಸುತ್ತಾರೆ. ನೀಲಾಬಾಯಿ ಹಾಗಲ್ಲ. ಬಂದ ಹೊಸತರಲ್ಲಿಯೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಂದ ತೆಲುಗು ಕಲಿತರು. ಕಲಿಯುತ್ತ ತಮ್ಮದೇ ಒಂದು ಸೂತ್ರವನ್ನೂ ಕಂಡುಕೊಂಡರು. ಕನ್ನಡ ಶಬ್ದದ ಬಾಲಕ್ಕೆ ಒಂದು 'ಮು' ಇಲ್ಲವೆ 'ಲು' ಹಚ್ಚಿದರೆ ಅದು ತೆಲುಗಾಗುತ್ತದೆ. ದೇಶ ದೇಶಮು, ಪುಸ್ತಕ ಪುಸ್ತಕಮು. ವಸ್ತುಗಳು ವಸ್ತುವುಲು. ಎಲ್ಲಾದರೂ ತಪ್ಪಿದರೆ ಮುಖದ ಮೇಲೆ ಒಂದು ನಗು ಇರಬೇಕು, ಉಳಿದದ್ದನ್ನು ಎದುರಿನವರು ತಾವೇ ಸರಿ ಮಾಡಿಕೊಳ್ಳುತ್ತಾರೆ.

ವಿಜಯಪುರದಲ್ಲಿರುವ ಮಗ ಬಸವಕಿರಣನ ಮಗಳು ನಿರೀಕ್ಷಾ ಬೀದರದಲ್ಲಿ ಪಶುವೈದ್ಯಕೀಯ ಓದಿ, ಹೈದರಾಬಾದಿನ ಒಂದು ಹಾಲಿನ ಸಂಘದಲ್ಲಿ ಕೆಲಸ ಹಿಡಿದು, ಈ ಅಜ್ಜ ಅಜ್ಜಿಯರ ಮನೆಯಲ್ಲಿ ಬಂದು ನಿಂತಾಗ ಆ ಸೂತ್ರ ಅವಳ ಪಾಲಿಗೂ ಬಂತು. ಸಂಜೆ ಚಹಾದ ಹೊತ್ತಿಗೆ ಪಾಠ.

"ಆಯಿ, ಇಷ್ಟು ಸರಳ ಇದ್ರ ಮುತ್ಯಾ ಯಾಕ ಇನ್ನೂ ಕಲ್ತಿಲ್ಲ?" ಎಂದು ಅಜ್ಜನ ಕಡೆ ನೋಡಿ ಕೇಳಿದಳು ನಿರೀಕ್ಷಾ.

"ನಿಮ್ಮ ಮುತ್ಯಾಗ ಮಾತು ಕತ್ತರಸೂದು ಗೊತ್ತೈತಿ, ಬಾಲ ಹಚ್ಚೂದು ಗೊತ್ತಿಲ್ಲ."

"ಕಿವಿ ಇನ್ನೂ ಛಲೋ ಅದಾವ ನನ್ನೂ," ಎಂದರು ಬಸವಲಿಂಗಪ್ಪನವರು, ಪೇಪರಿನ ಹಿಂದಿನಿಂದ.

ಮೊಮ್ಮಗಳ ಕೆಲಸದ ಬಗ್ಗೆ ಕಾಲನಿಯಲ್ಲಿ ತಲೆಗೊಂದು ಮಾತು. ಪಕ್ಕದ ಮನೆಯ, ಕನ್ನಡದವಳೇ ಆದ ಸಂಪದಾ ಒಂದು ದಿನ ಗೇಟಿನ ಮೇಲೆ ಕೈಯಿಟ್ಟು ಕೇಳಿಯೇ ಬಿಟ್ಟಳು: "ಮಂದಿ ಡಾಕ್ಟರ್ ಆಗಾಕ ಸೀಟ್ ಸಿಗಲಿಲ್ಲೇನ್ರಿ ಕಾಕೂ, ಹುಡುಗಿ ಎಮ್ಮಿ ಹಿಂದ ತಿರಗ್ತೈತಿ?"

"ಮಂದಿಗೇನ್ರಿ ಸಂಪದಾ, ಇಲ್ಲಿ ನೋಯ್ತೈತಿ, ಅಲ್ಲಿ ನೋಯ್ತೈತಿ ಅಂತ ಬಾಯಿ ಬಿಟ್ಟು ಹೇಳ್ತಾರ. ಹೇಳಾಕ ಬಾಯಿಲ್ಲದವರ ನೋವು ತಿಳಕೊಳ್ಳೂದು ಎಷ್ಟು ಮಂದಿಗೆ ಬರತೈತಿ?" ಎಂದರು ನೀಲಾಬಾಯಿ. ಅಂದು ಸಂಜೆ ಮೊಮ್ಮಗಳು ಸಗಣಿಯ ವಾಸನೆ ಹೊತ್ತು ಬಂದಾಗ ಬಚ್ಚಲಲ್ಲಿ ಎಂದಿಗಿಂತ ಹೆಚ್ಚು ಬಿಸಿನೀರು ಕಾದಿತ್ತು.

ಭಾದ್ರಪದದ ಮಳೆ ನಿಂತು ಬಿಸಿಲು ಬಿದ್ದ ವಾರ. ನಿರೀಕ್ಷಾ ಹೊಲಿಗೆ ಮಷಿನ್ನಿನ ಮೇಲಿನ ಬಟ್ಟೆ ಸರಿಸಿ ತನ್ನ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಮುಚ್ಚಳದ ಡಬ್ಬಿ. ಡಬ್ಬಿಯಲ್ಲಿ ಏನಿದೆ ಎಂದು ಕೇಳಿ ತಿಳಿದ ಮೇಲೆ ಬಸವಲಿಂಗಪ್ಪನವರು ತಮ್ಮ ಚಹಾದ ಕಪ್ಪು ಎತ್ತಿಕೊಂಡು ವರಾಂಡಕ್ಕೆ ಹೋದರು.

"ಆಯಿ, ಬರ್ರಿ ಇಲ್ಲೆ. ಒಂದು ಕಣ್ಣು ಮುಚ್ಚಿ ನೋಡ್ರಿ."

ನೀಲಾಬಾಯಿ ಕನ್ನಡಕ ತೆಗೆದು ಬಗ್ಗಿದರು. ಮೊದಲು ತಮ್ಮ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕಿನ ವೃತ್ತದೊಳಗೆ ಒಂದು ಸಣ್ಣ ಮೊಟ್ಟೆ, ಬಂಗಾರದ ಬಣ್ಣದ್ದು. ಅದರ ಪಕ್ಕ ಇನ್ನೊಂದು.

"ಎಷ್ಟು ಚೆಂದ ಐತಲ್ಲೇ!"

"ಚೆಂದ ಐತಿ, ಎಮ್ಮೀನ ತಿಂದು ಹಾಕತೈತಿ," ಎಂದು ನಕ್ಕಳು ಮೊಮ್ಮಗಳು. ಲಿಂಗಂಪಲ್ಲಿಯ ಆಚೆ ಒಂದು ಕೆರೆ. ಮಳೆಗಾಲದಲ್ಲಿ ತುಂಬಿ, ಆಮೇಲೆ ನೀರು ಹಿಂದೆ ಸರಿದಂತೆ ಅಂಚಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಆ ಒದ್ದೆಯಲ್ಲಿ ಸಣ್ಣ ಬಸವನಹುಳುಗಳು. ಅವುಗಳ ಮೈಯಲ್ಲಿ ಬೆಳೆದ ಹುಳುವಿನ ಮರಿ ಹೊರಬಿದ್ದು ಹುಲ್ಲಿಗೆ ಅಂಟಿಕೊಂಡಿರುತ್ತದೆ. ಎಮ್ಮೆ ಆಸೆಪಟ್ಟು ಆ ಹಸಿರನ್ನೇ ಮೇಯುತ್ತದೆ. ಹುಳು ಹೊಟ್ಟೆಗಿಳಿದು, ಅಲ್ಲಿಂದ ಈಲಿಗೆ, ಅಂದರೆ ಯಕೃತ್ತಿಗೆ ಹೋಗಿ, ಎಲೆಯ ಹಾಗೆ ಚಪ್ಪಟೆಯಾಗಿ ಹರಡಿ ರಕ್ತ ಹೀರುತ್ತದೆ. ಸಗಣಿಯಲ್ಲಿ ಹೊರಬೀಳುವ ಅದರ ಮೊಟ್ಟೆಗಳೇ ಈ ಡಬ್ಬಿಯಲ್ಲಿದ್ದವು. ಎಮ್ಮೆ ಸೊರಗುತ್ತದೆ, ಭೇದಿ ಹತ್ತುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿಯುತ್ತದೆ. ಪ್ರತಿ ವರ್ಷ ಮಳೆ ಹಿಂದೆಗೆದ ಮೇಲೆ ಇದೇ ಕಥೆ.

"ಯಾರ ಎಮ್ಮಿ?"

"ಯಂಕಮ್ಮ ಅಂತ, ಗಂಡ ಇಲ್ಲ. ಭಾಳ ಖಡಕ್ ಹೆಂಗಸು. ಕೊಂಡಾಪುರದ ಅಪಾರ್ಟ್‌ಮೆಂಟಿನವರಿಗೆಲ್ಲಾ ಆಕಿದ ಹಾಲು. ಎಲ್ಲಾ ಎಮ್ಮಿಗೂ ಒಂದೊಂದು ಹೆಸರಿಟ್ಟಾಳ. ಈ ಡಬ್ಬಿ ಮುತ್ಯಾಲುದು."

ವರಾಂಡದಿಂದ ಧ್ವನಿ ಬಂತು: "ಯಾರದು?"

"ಮುತ್ಯಾಲು, ಮುತ್ಯಾ. ಮುತ್ತುಗಳು ಅಂತ ಅರ್ಥ."

"ಸುಳ್ಳ ಹೇಳಬ್ಯಾಡ. ಮುತ್ಯಾಗ ಲು ಹಚ್ಚಿದ್ರ ಮುತ್ಯಾಲು. ನಿಮ್ಮ ಆಯಿ ಸೂತ್ರದ ಪ್ರಕಾರ ಆ ಎಮ್ಮಿ ನಾನ."

ಮುತ್ಯಾಲು ಯಂಕಮ್ಮನ ಕಣ್ಮಣಿ. ಆದರೆ ಎರಡು ವರ್ಷದಿಂದ ಗಬ್ಬ ನಿಂತಿರಲಿಲ್ಲ. ಆ ಕೊರಗೇ ಯಂಕಮ್ಮನಿಗೆ ದೊಡ್ಡದಾಗಿತ್ತು.

"ಮಾತು ತಿಳಿಯೂ ಹಂಗ ಹೇಳು ಮತ್ತ ಆಕಿಗೆ," ಎಂದರು ನೀಲಾಬಾಯಿ. "ಏನಂತ ಹೇಳ್ತಿ, ಹೇಳು ನೋಡೂಣು."

ನಿರೀಕ್ಷಾ ಒಂದು ಕ್ಷಣ ಯೋಚಿಸಿದಳು. ಬೀದರದಲ್ಲಿ ರೈತರಿಗೆ 'ಹೊಟ್ಟ್ಯಾಗ ಜಂತು ಆಗ್ಯಾವ' ಎಂದರೆ ಸಾಕಿತ್ತು, ಪುಸ್ತಕದ ಹೆಸರು ಬೇಕಿರಲಿಲ್ಲ. ಹೊಟ್ಟೆಗೆ ತೆಲುಗಿನಲ್ಲಿ ಕಡುಪು. ಜಂತುವಿಗೆ?

"ಲು ಹಚ್ಚು," ಎಂದರು ಅಜ್ಜಿ.

"ಕಡುಪುಲೋ ಜಂತುವುಲುನ್ನಾಯಿ."

"ಭೇಷ್!" ನೀಲಾಬಾಯಿಯ ಮುಖ ಅರಳಿತು. ಕಲಿಯಲು ಬಂದು ಇನ್ನೂ ಮಳೆಗಾಲ ಮುಗಿದಿಲ್ಲ, ಎಷ್ಟು ನಿರರ್ಗಳ!

ಮರುದಿನ ನಿರೀಕ್ಷಾ ಸಂಜೆ ಬಂದವಳು ಹಣೆಯ ತುಂಬ ಕುಂಕುಮ ಹಚ್ಚಿಸಿಕೊಂಡು ಬಂದಿದ್ದಳು. ಕೈಯಲ್ಲಿ ಪೇರಲ ಹಣ್ಣಿನ ಚೀಲ.

"ಆಯಿ, ಎಂಥಾ ಮಂದೀರಿ ಇವರು! ಹುಳ ಆಗ್ಯಾವ ಅಂತ ಹೇಳಿದ್ರ ಯಂಕಮ್ಮ ನನ್ನ ಗಲ್ಲ ಹಿಡದು ಮುದ್ದು ಕೊಟ್ಳು. 'ನೀ ನೋಟ್ಲ ಚಕ್ಕೆರ, ಬಿಡ್ಡಾ' ಅಂದ್ಳು. ಕುಂಕುಮ ಹಚ್ಚಿ, ಹಾಲು ಕುಡಿಸಿ, ಹಣ್ಣು ಕೊಟ್ಟು ಕಳಿಸ್ಯಾಳ."

"ನಿನ್ನ ಬಾಯಿಗೆ ಸಕ್ಕರಿ ಬೀಳ್ಲಿ ಮಗಳ ಅಂದಾಳ. ರೋಗ ಏನು ಅಂತ ಖರೇ ಹೇಳಿದಿ ಅಂತ ಸಂತೋಷ. ಔಷಧ ಹಾಕಿ ಬಂದಿಯೇನು?"

"ಎಮ್ಮಿ ಎಲ್ಲಾ ಕೆರಿಯೊಳಗ ಕುಂತಿದ್ದೂ, ಏಳಾಕ ತಯಾರಿಲ್ಲ. ಎಲ್ಲಾದಕ್ಕೂ ಬಾಟಲಿ ಕೊಟ್ಟು ಅಳತಿ ತೋರಿಸಿ ಬಂದೀನಿ. ಬೆಳಿಗ್ಗೆ ಹಟ್ಟಿಯೊಳಗ ತಾನ ಹಾಕ್ತೀನಿ ಅಂದ್ಳು. ಮುಂಜಾನೆ ಸಂಜಿ ಎಮ್ಮಿ ಮೈ ತಿಕ್ಕೂ ಕೈ ಆಕಿದು, ಬಿಡಂಗಿಲ್ಲ."

ನೀಲಾಬಾಯಿ ಒಂದು ಪೇರಲ ಕೊಯ್ದು ಉಪ್ಪು ಕಾರ ಹಚ್ಚಿ ಗಂಡನಿಗೆ ಕೊಟ್ಟರು. "ತಿನ್ರಿ. ನಿಮ್ಮ ಮೊಮ್ಮಗಳ ಮೊದಲನೇ ಕಾಣಿಕಿ ಇದು." ಸಂಪದಾಳ ಮನೆಗೂ ಎರಡು ಹಣ್ಣು ಹೋದವು, ಕಥೆಯ ಸಮೇತ.

ಆಮೇಲೆ ಸಂಘದವರು ನಿರೀಕ್ಷಾಳನ್ನು ಶಂಕರಪಲ್ಲಿಯ ಕಡೆಯ ಹಳ್ಳಿಗಳಿಗೆ ಹಾಕಿದರು. ಅವಳು ಫೋನಿನಲ್ಲಿ ಯಂಕಮ್ಮನನ್ನು ವಿಚಾರಿಸುತ್ತಲೇ ಇದ್ದಳು. ಔಷಧ ಹಾಕಿದೆಯಾ? ಹಾಕಿದೆ ಬಿಡ್ಡಾ. ಎಮ್ಮೆಗಳು ಹೇಗಿವೆ? ಮಿಂಚುತ್ತಿವೆ. ಮುತ್ಯಾಲು? ಮುತ್ಯಾಲು ಬಗ್ಗೆ ನಿನಗೇನೂ ಚಿಂತೆ ಬೇಡ, ನೆಲಕ್ಕೆ ಕಾಲಿಡಲು ಬಿಡದೆ ನೋಡಿಕೊಳ್ಳುತ್ತಿದ್ದೇನೆ. ನಿರೀಕ್ಷಾ ನಿಶ್ಚಿಂತಳಾದಳು.

ದಸರೆಗೆ ಮುಂಚೆ, ಊರ ಹೆಂಗಸರೆಲ್ಲ ಹೂ ಪೇರಿಸಿ ಬತುಕಮ್ಮ ಆಡುವ ದಿನಗಳಲ್ಲಿ, ಯಂಕಮ್ಮನ ಫೋನು ಬಂತು. ಭಾನುವಾರ ಮನೆಯಲ್ಲಿ ಸಣ್ಣ ಪೂಜೆ ಇದೆ, ಮುತ್ಯಾಲುವಿಗೆ ಹರಕೆ ಹೊತ್ತಿದ್ದೆ, ನೀನು ಬರಲೇಬೇಕು, ನಿನಗೆ ತೆಲುಗು ಕಲಿಸಿದ ಅವ್ವನನ್ನೂ ಕರೆದುಕೊಂಡು ಬಾ.

ತೆಲುಗು ಕಲಿಸಿದ ಅವ್ವ! ನೀಲಾಬಾಯಿ ಇಳಕಲ್ ಸೀರೆ ತೆಗೆದರು. ನಿರೀಕ್ಷಾಳಿಗೂ ಹಟ ಮಾಡಿ ಸೀರೆ ಉಡಿಸಿದರು. ಭರತನಗರದಲ್ಲಿ ಲೋಕಲ್ ರೈಲು ಹತ್ತಿದಾಗ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಕಣ್ಣೆತ್ತಿ ನೋಡಿ, ಏನೂ ಹೇಳದೆ ಎದ್ದು ಕಿಟಕಿಯ ಜಾಗ ಕೊಟ್ಟಳು. ಹಫೀಜ್‌ಪೇಟೆ ದಾಟುವವರೆಗೂ ನೀಲಾಬಾಯಿ ಅವಳ ತಲೆ ಸವರುವ ಆಸೆಯನ್ನು ತಡೆದುಕೊಂಡು ಕೂತಿದ್ದರು. ಇಂಥ ದಿನ ಎಲ್ಲವೂ ಒಳ್ಳೆಯದೇ ಆಗುತ್ತದೆ ಎನಿಸುತ್ತಿತ್ತು.

ಲಿಂಗಂಪಲ್ಲಿಯಲ್ಲಿ ಇಳಿದು ಆಟೋ ಹಿಡಿದು ಕೆರೆಯ ಹತ್ತಿರ ಬಂದಾಗ ಹಟ್ಟಿಯ ಮುಂದೆ ಚಪ್ಪರ ಕಂಡಿತು. ಚಪ್ಪರದ ತುಂಬ ಹೆಂಗಸರು. ಮಧ್ಯದಲ್ಲಿ ಒಂದು ಎಮ್ಮೆ ಮಲಗಿತ್ತು. ಕೊಂಬಿಗೆ ತಂಗಟೆಯ ಹಳದಿ ಹೂವು, ಹಣೆಗೆ ಅರಿಶಿನ, ಕೊರಳಿಗೆ ಹಸಿರು ಬಳೆಗಳನ್ನು ಪೋಣಿಸಿದ ಮಾಲೆ.

ನಿರೀಕ್ಷಾ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದಳು. ಹೂವು, ಬಳೆ ಯಾವುದೂ ಅವಳ ಕಣ್ಣಿಗೆ ಬಿದ್ದಂತಿರಲಿಲ್ಲ. ಅವಳು ನೋಡಿದ್ದು ದವಡೆಯ ಕೆಳಗೆ ಜೋತುಬಿದ್ದ ಬಾವನ್ನು, ಮುಳ್ಳಿನಂತೆ ನಿಂತ ಕೂದಲನ್ನು, ಬಾಲದ ಬುಡದಲ್ಲಿ ನೀರಾಗಿ ಹರಿದು ಒಣಗಿದ ಸಗಣಿಯನ್ನು. ಬಗ್ಗಿ ಕಣ್ಣಿನ ಕೆಳರೆಪ್ಪೆ ಎಳೆದಳು. ಕೆಂಪು ಇರಬೇಕಾದಲ್ಲಿ ಸುಣ್ಣದ ಬಿಳುಪು.

ನೀಲಾಬಾಯಿ ಬಾಗಿಲಲ್ಲೇ ನಿಂತಿದ್ದರು. ಯಂಕಮ್ಮ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು. ದಪ್ಪ ಕಂಕಣದ ಗಟ್ಟಿ ಹೆಂಗಸು, ಮುಖದ ತುಂಬ ನಗು. ಮುಂದಿನ ಮಾತೆಲ್ಲ ತೆಲುಗಿನಲ್ಲಿಯೇ.

"ಬಾ ಅವ್ವಾ, ಬಾ. ನಿನ್ನ ಮೊಮ್ಮಗಳ ಬಾಯಿ ಬಂಗಾರದ್ದು. ಎರಡು ವರ್ಷ ಎಷ್ಟು ಡಾಕ್ಟರು ಬಂದರು, ಒಬ್ಬನೂ ಹೇಳಲಿಲ್ಲ. ಇವಳು ಡಬ್ಬಿ ಹಿಡಿದು ಹೋದಳು, ಮರುದಿನ ಬಂದು ಹೇಳಿದಳು. ಅದೂ ಒಂದಲ್ಲ, ಅವಳಿ!"

"ಅವಳಿ?"

"ಕವಲ ಪಿಲ್ಲಲು ಅವ್ವಾ, ಎರಡು ಕರು! ಅದಕ್ಕೇ ಬಸುರಿಗೆ ಕುಬಸ ಮಾಡಿ ಬಳೆ ತೊಡಿಸುತ್ತಿದ್ದೇನೆ. ಏನೂ ತಿನ್ನಲು ಒಲ್ಲದು, ಬಸುರಿ ಅಲ್ಲವೇ, ನಾವೇನು ತಿಂದೆವೆ ಆಗ?"

ಸುತ್ತಲಿನ ಹೆಂಗಸರು ನಕ್ಕರು. ನೀಲಾಬಾಯಿ ಕೇಳಿದರು, "ಎರಡು ಅಂತ ಯಾರು ಹೇಳಿದರು?"

"ಡಾಕ್ಟರಮ್ಮನೇ! 'ಕಡುಪುಲೋ ಜಂತುವುಲುನ್ನಾಯಿ' ಅಂದಳು. ಜಂತುವು ಅನ್ನಲಿಲ್ಲ, ಜಂತುವುಲು ಅಂದಳು. ನಾವೇನು ಹಾಗೆ ಮಾತಾಡುವುದಿಲ್ಲ, ಓದಿದವರು ಹಾಗೆ ಹೇಳುತ್ತಾರೆ ಅಂದುಕೊಂಡೆ."

ಆ ಶಬ್ದ ತೆಲುಗಿನವಳ ಬಾಯಿಂದ ಬಂದಾಗ ನೀಲಾಬಾಯಿಗೆ ಬೇರೆಯೇ ಆಗಿ ಕೇಳಿಸಿತು. ಹೊಸದಾಗಿ ಸಂಸಾರ ಹೂಡಿದಾಗ ಗಂಡನ ಜೊತೆ ಹುಲಿ ಸಿಂಹ ನೋಡಲು ಮೃಗಾಲಯಕ್ಕೆ ಹೋದದ್ದು, ತೆಲುಗು ಅಕ್ಷರ ನಮ್ಮದರಂತೆಯೇ ಇದೆಯೆಂದು ಬಸವಲಿಂಗಪ್ಪನವರು ಬೋರ್ಡನ್ನು ಜೋರಾಗಿ ಓದಿದ್ದು ನೆನಪಾಯಿತು. ಜಂತು ಪ್ರದರ್ಶನಶಾಲ. 'ಹುಳದ ಪ್ರದರ್ಶನಕ್ಕ ಟಿಕೀಟು ಬ್ಯಾರೆ ಕೊಡಬೇಕೇನ ನೀಲಾ!' ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ತೆಲುಗಿನಲ್ಲಿ ಜಂತುವು ಎಂದರೆ ಪ್ರಾಣಿ. ಹುಳವಲ್ಲ, ಪ್ರಾಣಿ. ಎಮ್ಮೆಯ ಹೊಟ್ಟೆಯಲ್ಲಿ ಪ್ರಾಣಿಗಳಿವೆ. ಗೊತ್ತಿತ್ತು ತನಗೆ. ನಕ್ಕು ನಕ್ಕು ಕಲಿತ ಶಬ್ದ, ಬೇಕಾದಾಗ ನೆನಪಿಗೆ ಬರಲಿಲ್ಲ.

"ನಿರೀಕ್ಷಾ," ಎಂದು ಕನ್ನಡದಲ್ಲಿ ಕರೆದು ಸಣ್ಣ ದನಿಯಲ್ಲಿ ಹೇಳಿದರು. "ಜಂತು ಅಂದ್ರ ಇವರಿಗೆ ಪ್ರಾಣಿನವಾ. ಅವಳಿ ಗಬ್ಬ ಅಂತ ತಿಳಕೊಂಡಾಳ ಆಕಿ."

ನಿರೀಕ್ಷಾ ತಿರುಗಿ ನೋಡಿದಳು. ಒಂದೇ ಪ್ರಶ್ನೆ ಕೇಳಿದಳು, ಯಂಕಮ್ಮನನ್ನು: "ಮುತ್ಯಾಲುಗೆ ಔಷಧ?"

"ಉಳಿದವಕ್ಕೆಲ್ಲ ಹಾಕಿದೆ ಬಿಡ್ಡಾ. ಬಸುರಿಗೆ ಹೇಗೆ ಹಾಕಲಿ? ಅದರ ಪಾಲಿನ ಬಾಟಲಿ ದೇವರ ಮುಂದೆ ಇಟ್ಟಿದ್ದೇನೆ." ನಿಜವೇ. ಗೂಡಿನಲ್ಲಿ ಬಾಟಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು, ಮುಚ್ಚಳ ಒಡೆದಿರಲಿಲ್ಲ.

ನಿರೀಕ್ಷಾ ಚೀಲದಿಂದ ಭುಜದವರೆಗೆ ಬರುವ ಕೈಗವಸು ತೆಗೆದಳು. ಸೀರೆಯುಟ್ಟ ದಿನವೂ ಆ ಚೀಲವೊಂದನ್ನು ಅವಳು ಬಿಟ್ಟು ಬಂದಿರಲಿಲ್ಲ. ಎಮ್ಮೆಯ ಹಿಂದೆ ಮೊಣಕಾಲೂರಿ ಕೂತು, ಒಳಗೆ ಕೈಹಾಕಿ, ಕಣ್ಣು ಮುಚ್ಚಿ ಹುಡುಕಿದಳು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಅವಳ ಸೆರಗು ಜಾರಿ ಸಗಣಿಗೆ ಬೀಳುವುದರಲ್ಲಿತ್ತು. ಒಬ್ಬ ಹೆಂಗಸು ಸದ್ದಿಲ್ಲದೆ ಬಂದು, ತನ್ನ ಸೆರಗಿನ ಪಿನ್ನು ತೆಗೆದು, ಇವಳ ಸೆರಗನ್ನು ಎತ್ತಿ ಭುಜಕ್ಕೆ ಸಿಕ್ಕಿಸಿ ಹೋದಳು.

ನಿರೀಕ್ಷಾ ಎದ್ದು ನಿಂತಳು. "ಕರು ಇಲ್ಲಮ್ಮಾ."

"ಎರಡಿಲ್ಲವಾ?"

"ಒಂದೂ ಇಲ್ಲ."

ಯಂಕಮ್ಮ ನಗುತ್ತಲೇ ಇದ್ದಳು. ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳ ಕಂಠ ಚಪ್ಪರದಾಚೆಗೂ ಕೇಳಿಸಿತು. "ಏನಂದೆ? ನೀನೇ ಇದೆ ಅಂದೆ, ಈಗ ನೀನೇ ಇಲ್ಲ ಅಂತೀಯ? ಊರಿಗೆಲ್ಲ ಬೆಲ್ಲ ಹಂಚಿದೆನಲ್ಲೇ! ಬೀದಿಯವರ ಮುಂದೆ ನನ್ನ ಮುಖ ಎಲ್ಲಿಡಲಿ?"

"ನಾನು ಮೊದಲೇ ಹೇಳಿದ್ದೆ," ಎಂದ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಅವಳ ಮೈದುನ. "ಕನ್ನಡದ ಚಿಕ್ಕ ಹುಡುಗಿ, ಅವಳಿಗೇನು ಗೊತ್ತು? ಉಸಿರಿರುವಾಗಲೇ ಮಾರಿಬಿಡು ವದಿನಾ. ನಾಳೆ ಯಾರೂ ಕೊಳ್ಳುವುದಿಲ್ಲ."

ನೀಲಾಬಾಯಿ ಎಲ್ಲರ ನಡುವೆ ಬಂದು ನಿಂತರು. "ಯಂಕಮ್ಮಾ, ಹುಡುಗಿಯದಲ್ಲ ತಪ್ಪು, ನನ್ನದು. ನಮ್ಮ ಕನ್ನಡದಲ್ಲಿ ಜಂತು ಅಂದರೆ ಹೊಟ್ಟೆಯ ಹುಳ. ಅದಕ್ಕೆ ಲು ಹಚ್ಚು ಅಂತ ಹೇಳಿಕೊಟ್ಟವಳು ನಾನು. ಬೈಯುವುದಿದ್ದರೆ ನನ್ನನ್ನು ಬೈ."

"ಆಯಿ, ನೀವು ಸುಮ್ನಿರ್ರಿ," ಎಂದಳು ನಿರೀಕ್ಷಾ. ಮೆಲ್ಲಗೆ, ಆದರೆ ಖಚಿತವಾಗಿ. ಆಮೇಲೆ ತನ್ನ ಮುರುಕು ತೆಲುಗಿನಲ್ಲಿ, ಒಂದೊಂದು ಶಬ್ದವನ್ನೂ ನೆಲಕ್ಕೆ ಊರಿ ಇಟ್ಟಂತೆ ಹೇಳಿದಳು. "ಹೇಳಿದ ಬಾಯಿ ನನ್ನದು. ನಿಮಗೆ ಏನು ತಿಳಿಯಿತು ಅಂತ ತಿರುಗಿ ಕೇಳಬೇಕಾಗಿತ್ತು, ಕೇಳಲಿಲ್ಲ. ಫೋನಿನಲ್ಲಿ ಮುಗಿಸಿದೆ, ಬಂದು ನೋಡಲಿಲ್ಲ. ಅದು ನನ್ನ ತಪ್ಪು, ಎಲ್ಲರ ಮುಂದೆ ಒಪ್ಪುತ್ತೇನೆ. ಮಾತು ತಪ್ಪಾಯಿತು. ಪರೀಕ್ಷೆ ತಪ್ಪಾಗಿಲ್ಲ. ಇದರ ಈಲಿಯಲ್ಲಿ ಹುಳ ಇವೆ. ಹುಳ. ಪುರುಗುಲು." ಪಕ್ಕದಲ್ಲಿ ನಿಂತವರ ಬಾಯಿಂದ ಆಗಷ್ಟೇ ಹೆಕ್ಕಿಕೊಂಡ ಶಬ್ದ ಅದು. "ನಿಮ್ಮ ಉಳಿದ ಬರ್ರೆಗಳನ್ನು ನೋಡಿ. ಅದೇ ಔಷಧ ಕುಡಿದವು, ಮಿಂಚುತ್ತಿವೆ ಅಂತ ನೀವೇ ಹೇಳಿದಿರಿ. ಇವತ್ತು ಇದಕ್ಕೂ ಹಾಕಿದರೆ ಉಳಿಯಬಹುದು. ಹಾಕದಿದ್ದರೆ ಉಳಿಯುವುದಿಲ್ಲ. ಉಳಿಯುವವರೆಗೆ ನಾನು ದಿನಾ ಬರುತ್ತೇನೆ."

ಹಟ್ಟಿಯ ಆಚೆ ಕಟ್ಟಿದ್ದ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಎಣ್ಣೆ ಹಚ್ಚಿದಂತೆ ಕಪ್ಪು ಮೈ. ಎಲ್ಲರ ಕಣ್ಣೂ ಅತ್ತ ಹೋಗಿ, ಮತ್ತೆ ಮುತ್ಯಾಲುವಿನ ಮೇಲೆ ಬಂತು.

ನೀಲಾಬಾಯಿ ಮೊಮ್ಮಗಳನ್ನೇ ನೋಡುತ್ತಿದ್ದರು. ಮಣಿಕಟ್ಟಿನಿಂದ ಸಗಣಿ ತೊಟ್ಟಿಕ್ಕುತ್ತಿತ್ತು, ಕಣ್ಣಲ್ಲಿ ನೀರಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಹಣೆಯ ತುಂಬ ಕುಂಕುಮ ಹಚ್ಚಿಸಿಕೊಂಡು ಬಂದ ದಿನ ಪಟ್ಟ ಹೆಮ್ಮೆ ಇದರ ಮುಂದೆ ಏನೂ ಅಲ್ಲ ಎನಿಸಿತು.

ನಿರೀಕ್ಷಾ ಚೀಲದಲ್ಲಿ ತಡಕಾಡುತ್ತಿದ್ದಳು. ಔಷಧ ಕುಡಿಸುವ ಪಂಪು ಸಂಘದ ಕಚೇರಿಯಲ್ಲಿತ್ತು. ಗಾಜಿನ ಬಾಟಲಿಯನ್ನು ಎಮ್ಮೆಯ ಹಲ್ಲಿಗೆ ಕೊಡುವಂತಿಲ್ಲ. "ಆಯಿ, ಗೊಟ್ಟ ಬೇಕಾಗಿತ್ತು," ಎಂದಳು. ದನಗಳಿಗೆ ಔಷಧ ಹಾಕುವ ಬಿದಿರಿನ ಕೊಳವೆ. ತವರಿನಲ್ಲಿ ಅಪ್ಪ ಅದನ್ನು ಹಟ್ಟಿಯ ಸೂರಿಗೆ ಸಿಕ್ಕಿಸಿಡುತ್ತಿದ್ದದ್ದು ನೀಲಾಬಾಯಿಯ ಕಣ್ಣ ಮುಂದೆ ಬಂತು. ತೆಲುಗಿನಲ್ಲಿ ಅದಕ್ಕೇನನ್ನುತ್ತಾರೆ? ಗೊತ್ತಿಲ್ಲ. ಇನ್ನೊಮ್ಮೆ ಬಾಲ ಹಚ್ಚುವ ಧೈರ್ಯ ಉಳಿದಿದೆಯೇ? ಎಮ್ಮೆ ಒಂದು ದೊಡ್ಡ ಉಸಿರು ಬಿಟ್ಟಿತು.

"ಯಂಕಮ್ಮಾ," ಎಂದರು, "ಗೊಟ್ಟಮು ಉಂದಾ?"

ಯಂಕಮ್ಮ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸರಸರ ಒಳಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ, ತಲೆಮಾರುಗಳ ಎಣ್ಣೆ ಕುಡಿದು ಕಪ್ಪಾದ ಒಂದು ಬಿದಿರಿನ ಕೊಳವೆ ಇತ್ತು, ಬಾಯಿ ಓರೆಯಾಗಿ ಕೊಯ್ದದ್ದು, ಅಂಚು ನುಣುಪಾದದ್ದು.

"ಗೊಟ್ಟಂ ಇಲ್ಲದ ಮನೆ ಬರ್ರೆ ಕಟ್ಟುತ್ತದಾ ಅವ್ವಾ? ನಮ್ಮತ್ತೆಯದು." ನಿರೀಕ್ಷಾಳ ಮುಂದೆ ಹಿಡಿದಳು. "ಹಿಡಿ. ತಲೆ ನಾನು ಹಿಡಿಯುತ್ತೇನೆ. ಬೇರೆಯವರು ಮುಟ್ಟಿದರೆ ಬಾಯಿ ಬಿಡುವುದಿಲ್ಲ ಅದು." ಹಿಂದಿರುಗಿ ನೋಡದೆಯೇ ಮೈದುನನಿಗೆ, "ನೀನು ನಿಂತು ಮಾತಾಡಬೇಡ, ಬಿಸಿನೀರು ತಾ," ಎಂದಳು.

ಅವಳು ನೆಲದ ಮೇಲೆ ಕೂತು ಎಮ್ಮೆಯ ತಲೆಯನ್ನು ತೊಡೆಗೆ ತೆಗೆದುಕೊಂಡಳು. ನಿರೀಕ್ಷಾ ಗೊಟ್ಟಕ್ಕೆ ಔಷಧ ಸುರಿದು, ಬಾಯಿಯ ಬದಿಯಿಂದ ತೂರಿಸಿ, ಉಸಿರಿನ ದಾರಿಗೆ ಹೋಗದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಒಂದು ಗುಟುಕು, ತಡೆ, ಇನ್ನೊಂದು ಗುಟುಕು. ನೀಲಾಬಾಯಿ ಎಮ್ಮೆಯ ಗಂಟಲು ಸವರುತ್ತಿದ್ದರು, ಮೇಲಿಂದ ಕೆಳಕ್ಕೆ. ಇಳಕಲ್ ಸೀರೆಯ ಸೆರಗು ಎಲ್ಲಿತ್ತೋ. ಔಷಧ ಇಳಿಯುವುದು ಬೆರಳಿಗೆ ತಿಳಿಯುತ್ತಿತ್ತು.

ಬಾಟಲಿ ಖಾಲಿಯಾಯಿತು. ನಿರೀಕ್ಷಾ ಒಂದು ಸೂಜಿಯನ್ನೂ ಚುಚ್ಚಿ, ಬೆಲ್ಲದ ನೀರು ಕುಡಿಸಲು ಹೇಳಿ, ಹೊತ್ತು ಇಳಿಯುವವರೆಗೆ ಅಲ್ಲೇ ಕೂತಳು. ಪೂಜೆಗೆ ಬಂದ ಹೆಂಗಸರೂ ಮನೆಗೆ ಹೋಗಲಿಲ್ಲ. ಕುಬಸಕ್ಕೆಂದು ಮಾಡಿದ ಅನ್ನ ಸಾರು ಬಸುರಿಯಿಲ್ಲದೆಯೇ ಬಡಿಸಲಾಯಿತು. ಯಂಕಮ್ಮ ನೀಲಾಬಾಯಿಯ ಎಲೆಗೆ ಗಟ್ಟಿ ಮೊಸರು ತಾನೇ ತಂದು ಹಾಕಿದಳು. ಔಷಧ ಕುಡಿದ ಎಮ್ಮೆಗಳ ಹಾಲನ್ನು ಮತ್ತೆ ಕೊಂಡಾಪುರಕ್ಕೆ ಯಾವಾಗ ಕಳಿಸಬಹುದು ಎಂದು ಒಬ್ಬರು ಕೇಳಿದಾಗ, "ಡಾಕ್ಟರಮ್ಮ ಹೇಳಿದ ದಿನ," ಎಂದಷ್ಟೇ ಹೇಳಿದಳು. ನಿರೀಕ್ಷಾ ತಲೆಯೆತ್ತಿ ನೋಡಿದಳು. ಆ ಮಾತಿಗೆ ಅವಳ ಭುಜ ಮೊದಲ ಸಲ ಸಡಿಲವಾಯಿತು.

ಹೇಳಿದಂತೆ ನಿರೀಕ್ಷಾ ದಿನವೂ ಹೋದಳು, ಕೆಲಸಕ್ಕೆ ಮುಂಚೆ ಇಲ್ಲವೆ ಆಮೇಲೆ. ಬಸವಲಿಂಗಪ್ಪನವರು ಚಹಾ ಕುಡಿಯಲು ಸೂಕ್ಷ್ಮದರ್ಶಕದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಹೊಲಿಗೆ ಮಷಿನ್ನಿನ ಮೇಲೆ ಬೆಳಕು ಸಾಲದೆಂದು ತಮ್ಮ ಓದುವ ದೀಪವನ್ನು ತಂದಿಟ್ಟರು. "ನನ್ನ ಹೆಸರಿನ ಎಮ್ಮಿ," ಎಂದರು, ಕಾರಣ ಕೇಳಿದಾಗ.

ದೀಪಾವಳಿಯ ಹಿಂದಿನ ಒಂದು ಬೆಳಿಗ್ಗೆ ಫೋನು ಎತ್ತಿದವರು ನೀಲಾಬಾಯಿ.

"ಅವ್ವಾ," ಎಂದಿತು ಯಂಕಮ್ಮನ ದನಿ. "ಮೇಸ್ತುಂದಿ."

ಮೇಯುತ್ತಿದೆ. ಆ ಶಬ್ದಕ್ಕೆ ಸೂತ್ರ ಬೇಕಾಗಲಿಲ್ಲ. ನೀಲಾಬಾಯಿ ಫೋನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಆಚೆ ಬದಿಯಲ್ಲಿ ಯಂಕಮ್ಮ ಅಳುತ್ತಿದ್ದಳು, ಈಚೆ ಬದಿಯಲ್ಲಿ ಇವರು. ಎರಡು ಭಾಷೆಯಲ್ಲೂ ಅದು ಒಂದೇ ತರ ಕೇಳಿಸಿತು.

ಮುಂದಿನ ವರ್ಷದ ಮಳೆ ಹಿಂದೆಗೆದಾಗ ನಿರೀಕ್ಷಾ ಅಜ್ಜ ಅಜ್ಜಿಯರನ್ನು ಕೆರೆಗೆ ಕರೆದುಕೊಂಡು ಹೋದಳು. ಈಗ ಅವಳ ತೆಲುಗು ನೀಲಾಬಾಯಿಯದಕ್ಕಿಂತ ಚೆನ್ನಾಗಿತ್ತು, ಲಿಂಗಂಪಲ್ಲಿಯ ಸೊಗಡು ಬೇರೆ. ಕಟ್ಟೆಯ ಮೇಲೆ ಸುತ್ತಲಿನ ಹಟ್ಟಿಗಳವರೆಲ್ಲ ಕರೆಯುವ ಮೊದಲೇ ಬಂದು ನಿಂತಿದ್ದರು, ಕೈಯಲ್ಲಿ ಒಂದೊಂದು ಡಬ್ಬಿ. ಅವರನ್ನು ಸಾಲಾಗಿ ನಿಲ್ಲಿಸಿದ್ದು ಯಂಕಮ್ಮ. ಔಷಧ ಹಾಕಿದ ಮೇಲೆ ಒಣ ಜಾಗದಲ್ಲೇ ಮೇಯಿಸಬೇಕು ಎಂದು ಡಾಕ್ಟರಮ್ಮನಿಗಿಂತ ಜೋರಾಗಿ ಅವಳೇ ಕೂಗಿ ಹೇಳುತ್ತಿದ್ದಳು.

ಮುತ್ಯಾಲು ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಬಸವಲಿಂಗಪ್ಪನವರು ಅದರ ಎದುರು ಹೋಗಿ ನಿಂತು, ಗಂಭೀರವಾಗಿ ನೋಡಿ, "ಶರಣ್ರಿ," ಎಂದರು. ನಿರೀಕ್ಷಾ ಕೈಗವಸು ಹಾಕಿ ಪರೀಕ್ಷೆ ಮುಗಿಸಿ ಬಂದಳು. ಯಂಕಮ್ಮ ಬಾಯಿ ತೆರೆದವಳು ತಕ್ಷಣ ಮುಚ್ಚಿಕೊಂಡಳು. ಮಾತನ್ನು ನಂಬದೆ, ಎರಡೂ ತೋಳು ಮಡಿಸಿ ಕೂಸು ಆಡಿಸುವಂತೆ ಆಡಿಸಿ, ಹುಬ್ಬೆತ್ತಿ ಕೇಳಿದಳು. ನಿರೀಕ್ಷಾಳೂ ಮಾತಾಡಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದಳು. ಆಮೇಲೆ ಯಾವ ಸಂಶಯವೂ ಇರಬಾರದೆಂದು ಆ ಒಂದು ಬೆರಳನ್ನು ಎರಡು ಸಲ ಅಲುಗಾಡಿಸಿದಳು.

ಯಂಕಮ್ಮ ಒಳಗೆ ಓಡಿ ಹೋಗಿ ಹೋದ ವರ್ಷದ ಹಸಿರು ಬಳೆಗಳ ಮಾಲೆ ತಂದಳು. ದಾರ ಬಿಚ್ಚಿ, ಅರ್ಧ ಬಳೆಗಳನ್ನು ನಿರೀಕ್ಷಾಳ ಕೈಗೆ, ಅರ್ಧ ನೀಲಾಬಾಯಿಯ ಕೈಗೆ ಏರಿಸಿದಳು. "ಮುತ್ಯಾಲುಗೆ ಹೊಸವು ತರುತ್ತೇನೆ. ಇವು ನಿಮ್ಮ ಪಾಲಿನವು."

ಅಷ್ಟರಲ್ಲಿ ಸಾಲಿನ ಕೊನೆಯಿಂದ ಒಬ್ಬ ಮುದುಕ ಡಬ್ಬಿ ಎತ್ತಿ ಹಿಡಿದು ಕೂಗಿದ, "ಡಾಕ್ಟರಮ್ಮಾ, ನನ್ನ ಬರ್ರೆಗೂ ಜಂತುವುಲು ಚೂಡಮ್ಮಾ!"

ನೀಲಾಬಾಯಿ ಬೆಚ್ಚಿ ತಿರುಗಿದರು. "ಅಯ್ಯ, ಅದಲ್ಲ, ಪುರುಗುಲು ಅನ್ನಬೇಕು..."

"ಪುರುಗು ಅಂದರೆ ಯಾವ ಪುರುಗು ಅವ್ವಾ?" ಎಂದ ಮುದುಕ. "ಸಾವಿರ ಪುರುಗು ಇವೆ. ಮಳೆಗಾಲದಲ್ಲಿ ಈಲಿಗೆ ಬೀಳುವವು ಜಂತುವುಲು. ಈ ಕೆರೆಯ ಸುತ್ತ ಎಲ್ಲರಿಗೂ ಗೊತ್ತು." ನೀಲಾಬಾಯಿಗೆ ತೆಲುಗು ಬರುವುದಿಲ್ಲವೆಂದು ಪಾಪ ಎನಿಸಿತೋ ಏನೋ, ಇನ್ನೊಮ್ಮೆ ಬಿಡಿಸಿ ಹೇಳಿಕೊಟ್ಟ: "ಜಂ-ತು-ವು-ಲು."

ವಾಪಸು ಬರುವಾಗ ರೈಲಿನಲ್ಲಿ ಬಸವಲಿಂಗಪ್ಪನವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ನಗುತ್ತಿದ್ದರು.

"ಏನ್ರಿ ಅದು, ನಮಗೂ ಹೇಳ್ರಿ."

"ಅಲ್ಲ ನೀಲಾ, ಇಷ್ಟು ವರ್ಷ ಇವರ ನೀರು ಕುಡದ್ವಿ. ನಾ ಇವರಿಗೆ ವಿಮಾನದ ಸಾಮಾನು ಮಾಡಿ ಕೊಟ್ಟೆ. ನೀ ಒಂದು ಶಬ್ದನ ಮಾಡಿ ಕೊಟ್ಟಿ ನೋಡು."

ನೀಲಾಬಾಯಿ ಕೈಯಾಡಿಸಿದರು. ಬಳೆಗಳು ಸದ್ದು ಮಾಡಿದವು. ಎದುರಿನ ಸೀಟಿನಲ್ಲಿ ನಿರೀಕ್ಷಾ ಡಬ್ಬಿಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಚೀಲದಿಂದ ಸಣ್ಣಗೆ ಸಗಣಿಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಯುವಕ ಮೂಗು ಮುರಿದು ಅತ್ತಿತ್ತ ನೋಡಿದ.

"ನಮ್ಮ ಮೊಮ್ಮಗಳು," ಎಂದರು ನೀಲಾಬಾಯಿ ಅವನಿಗೆ, ತೆಲುಗಿನಲ್ಲಿ. "ಡಾಕ್ಟರು." ಒಂದು ಕ್ಷಣ ತಡೆದು, ಗೌರವಕ್ಕಿರಲಿ ಎಂದು ಬಾಲ ಹಚ್ಚಿದರು, "ಡಾಕ್ಟರುಲು."